ಎಂಟು ವರ್ಷದಿಂದ ಪಿಬಿಎಸ್‌ನಲ್ಲಿ ನಾಟಕ ನೋಡುತ್ತಿದ್ದೇವೆ

ಅಮೆರಿಕದಲ್ಲೇ ಇದ್ದರೂ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳ ನಾಟಕ ನಮಗೆ ದೂರವೇ. ಅಲ್ಲಿಗೆ ವಿಮಾನ ಹತ್ತಬೇಕು. ಮೇಲೆ ಟಿಕೆಟ್, ಹೋಟೆಲ್ ಖರ್ಚು. ಮಕ್ಕಳು ಚಿಕ್ಕವರಿದ್ದಾಗ ಆ ಯೋಚನೆಯನ್ನೇ ಬಿಟ್ಟಿದ್ದೆವು.

2017ರ ನವೆಂಬರ್‌ನಲ್ಲಿ ಒಂದು ರಾತ್ರಿ ಪಿಬಿಎಸ್‌ನಲ್ಲಿ, ಅಂದರೆ ಊರೂರಿನ ಸ್ಟೇಷನ್‌ಗಳ ಮೂಲಕ ಬರುವ ಇಲ್ಲಿನ ಸಾರ್ವಜನಿಕ ಟಿವಿಯಲ್ಲಿ, 'ಇಂಡೀಸೆಂಟ್' ಬಂತು. ಪೌಲಾ ವೋಗೆಲ್ ಬರೆದ ನಾಟಕ. ಒಂದು ಯಿಡ್ಡಿಷ್ (ಯುರೋಪಿನ ಯಹೂದಿಗಳ ಭಾಷೆ) ನಾಟಕವನ್ನು ಇಂಗ್ಲಿಷ್‌ನಲ್ಲಿ ಆಡಿದ್ದಕ್ಕೆ 1923ರಲ್ಲಿ ನ್ಯೂಯಾರ್ಕ್‌ನಲ್ಲಿ ನಟರನ್ನು ಬಂಧಿಸಿದ್ದರು, ಅದರ ಕತೆ. ಶುರುವಿನಲ್ಲಿ ನಟರ ತೋಳಿನಿಂದ ಬೂದಿ ಸುರಿಯುತ್ತದೆ. ಕೊನೆಯಲ್ಲಿ ರಂಗದ ಮೇಲೆ ನಿಜವಾದ ಮಳೆ. ಆ ಮಳೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ನಗುತ್ತಾ ನೆನೆಯುತ್ತಾರೆ. ನಾನು ಅತ್ತುಬಿಟ್ಟೆ. ಬ್ರಾಡ್‌ವೇಯಲ್ಲಿ ಆ ನಾಟಕ ಆಗಸ್ಟ್‌ನಲ್ಲೇ ಮುಗಿದಿತ್ತು. ಚಿತ್ರೀಕರಿಸಿ ಇಡದಿದ್ದರೆ ನಮ್ಮಂಥವರ ಪಾಲಿಗೆ ಅದು ಇಲ್ಲವೇ ಇಲ್ಲ, ಅಲ್ವಾ?

ಅದೇ ವಾರ ನಮ್ಮ ಕಡೆಯ ಪಿಬಿಎಸ್ ಸ್ಟೇಷನ್‌ಗೆ ಸದಸ್ಯರಾದೆವು. ತಿಂಗಳಿಗೆ 5 ಡಾಲರ್. ಪಾಸ್‌ಪೋರ್ಟ್ ಅನ್ನುವ ಸೌಲಭ್ಯ ಅದರ ಜೊತೆಗೇ ಸಿಗುತ್ತದೆ, ಪ್ರಸಾರ ಮುಗಿದ ಕಾರ್ಯಕ್ರಮಗಳನ್ನು ಬೇಕಾದಾಗ ನೋಡಬಹುದು. ಇದನ್ನು ಇನ್ನೊಂದು ಸ್ಟ್ರೀಮಿಂಗ್ ಚಂದಾ ಅಂದುಕೊಳ್ಳಬೇಡಿ. ಈ ದುಡ್ಡು ಹೋಗುವುದು ನಿಮ್ಮ ಊರಿನ ಸ್ಟೇಷನ್‌ಗೆ.

ನಾಟಕಕ್ಕೆ ಹುಡುಕಬೇಕಾದ ಹೆಸರು 'ಗ್ರೇಟ್ ಪರ್ಫಾರ್ಮೆನ್ಸಸ್'. 1972ರಿಂದ ಬರುತ್ತಿರುವ ಸರಣಿ. 2019ರ ನವೆಂಬರ್ ಶುಕ್ರವಾರಗಳನ್ನು ನಾನು ಮರೆಯಲಾರೆ. ಅಮ್ಮ ಊರಿಂದ ಬಂದಿದ್ದರು. ಸೆಂಟ್ರಲ್ ಪಾರ್ಕ್‌ನ ಬಯಲು ರಂಗಮಂದಿರದಲ್ಲಿ ಆಡಿದ ಶೇಕ್ಸ್‌ಪಿಯರ್‌ನ 'ಮಚ್ ಅಡೋ ಅಬೌಟ್ ನಥಿಂಗ್' ಹಾಕಿದೆವು. ಕೆನಿ ಲಿಯೋನ್ ನಿರ್ದೇಶನ, ನಟರೆಲ್ಲರೂ ಕಪ್ಪುವರ್ಣೀಯರು. ಅಮ್ಮನಿಗೆ ಆ ಇಂಗ್ಲಿಷ್ ಕಷ್ಟ. ಕೆಳಗೆ ಬರುವ ಅಕ್ಷರಗಳನ್ನು ಓದುತ್ತಾ, ಅಲ್ಲಲ್ಲಿ ನಿಲ್ಲಿಸಿ ನನ್ನನ್ನು ಕೇಳುತ್ತಾ ಪೂರ್ತಿ ನೋಡಿದರು. ನಾಯಕಿ ಬಿಯಾಟ್ರಿಸ್ ಆಗಿದ್ದ ಡೇನಿಯಲ್ ಬ್ರೂಕ್ಸ್ ಅವರ ಮುಖ ಹತ್ತಿರದಿಂದ ಕಂಡಾಗ ಅಮ್ಮನಿಗೆ ಮಾತು ಬೇಕಾಗಲೇ ಇಲ್ಲ. ಥಿಯೇಟರ್‌ನ ಹಿಂದಿನ ಸಾಲಲ್ಲಿ ಕೂತಿದ್ದರೆ ಅಷ್ಟು ಕಾಣುತ್ತಿರಲಿಲ್ಲ.

ಕೊರತೆಗಳೂ ಇವೆ. ಪ್ರಸಾರದ ಹಕ್ಕಿನ ಅವಧಿ ಮುಗಿದರೆ ನಾಟಕ ಪಾಸ್‌ಪೋರ್ಟ್ ಪಟ್ಟಿಯಿಂದ ಹೋಗುತ್ತದೆ. ಆಮೇಲೆ ನೋಡೋಣ ಎಂದು ಇಟ್ಟುಕೊಳ್ಳಬೇಡಿ. ಕ್ಯಾಮೆರಾ ಒಬ್ಬರ ಮುಖದ ಮೇಲೆ ನಿಂತಾಗ ರಂಗದ ಇನ್ನೊಂದು ತುದಿಯಲ್ಲಿ ಏನಾಯಿತು ಅನ್ನುವುದು ತಪ್ಪಿಹೋಗುತ್ತದೆ. ನೃತ್ಯ ಇರುವ ನಾಟಕಗಳಲ್ಲಿ ಇದು ನನಗೆ ಜಾಸ್ತಿ ಕಾಡುತ್ತದೆ. ದೇಣಿಗೆ ಕೇಳುವ ವಾರಗಳಲ್ಲಿ ಕಾರ್ಯಕ್ರಮವನ್ನು ಮಧ್ಯೆ ಮಧ್ಯೆ ನಿಲ್ಲಿಸುತ್ತಾರೆ. ಹೊಸ ನಾಟಕಗಳೂ ವರ್ಷಕ್ಕೆ ಕೆಲವೇ. ನಟರು, ವಾದ್ಯದವರು, ಬರೆದವರು ಎಲ್ಲರ ಒಪ್ಪಿಗೆ ಬೇಕು, ಅದಕ್ಕೆಲ್ಲ ಹಣ ಬೇಕು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1970ರಿಂದ ನಾಟಕಗಳನ್ನು ಚಿತ್ರೀಕರಿಸಿ ಇಡುತ್ತಿದೆ. ಆದರೆ ಅವನ್ನು ಅಲ್ಲಿಗೇ ಹೋಗಿ ನೋಡಬೇಕು, ಅದೂ ಅಧ್ಯಯನಕ್ಕೆ. ಹಾಗಾಗಿ ಮನೆಗೆ ಬರುವ ಒಂದೊಂದು ನಾಟಕವೂ ನನಗೆ ದೊಡ್ಡದು.

2025ರ ಜುಲೈನಲ್ಲಿ ಅಮೆರಿಕದ ಸಂಸತ್ತು (ಕಾಂಗ್ರೆಸ್) ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ ಎರಡು ವರ್ಷದ ಹಣವನ್ನು, ಸುಮಾರು 110 ಕೋಟಿ ಡಾಲರ್, ವಾಪಸ್ ತೆಗೆದುಕೊಂಡಿತು. ಆ ಹಣವನ್ನು ಸ್ಟೇಷನ್‌ಗಳಿಗೆ ಹಂಚುತ್ತಿದ್ದ ಸಿಪಿಬಿ (ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್) ಸಂಸ್ಥೆ ಮರು ತಿಂಗಳೇ ಬಾಗಿಲು ಮುಚ್ಚುವುದಾಗಿ ಹೇಳಿತು. ದೊಡ್ಡ ನಗರದ ಸ್ಟೇಷನ್‌ಗಳಿಗೆ ದಾನಿಗಳಿದ್ದಾರೆ. ಹಳ್ಳಿ ಕಡೆಯ ಸಣ್ಣ ಸ್ಟೇಷನ್‌ಗಳು ಇದೇ ಹಣವನ್ನು ನೆಚ್ಚಿಕೊಂಡಿದ್ದವು. ಸುದ್ದಿ ಓದಿದ ದಿನ ತುಂಬಾ ಸಂಕಟವಾಯಿತು. ಆ ರಾತ್ರಿಯೇ ನಮ್ಮ 5 ಡಾಲರನ್ನು 15 ಮಾಡಿದೆವು.

ಪಾಸ್‌ಪೋರ್ಟ್ ನಿಂತರೂ ನಾನು ಕೊಡುತ್ತೇನೆ. ಯಾಕೆಂದರೆ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಒಂಟಿ. ಇಂಟರ್‌ನೆಟ್ ಇಲ್ಲ, ಕೇಬಲ್ ಇಲ್ಲ. ಕಿಟಕಿಗೆ ಅಂಟಿಸಿದ ಆಂಟೆನಾದಲ್ಲಿ ಅದೇ ನಾಟಕವನ್ನು ಅದೇ ಹೊತ್ತಿಗೆ ನೋಡುತ್ತಾರೆ, ಪೂರ್ತಿ ಉಚಿತವಾಗಿ. ಶನಿವಾರ ಬೆಳಿಗ್ಗೆ ನಾನು ಗಿಡಕ್ಕೆ ನೀರು ಹಾಕಲು ಹೊರಗೆ ಬಂದರೆ ಅವರು ಬೇಲಿ ಹತ್ತಿರ ಆಗಲೇ ಕಾಯುತ್ತಿರುತ್ತಾರೆ. "ನಿನ್ನೆ ಕೊನೆಯ ದೃಶ್ಯ ನೋಡಿದೆಯಾ?"