ಆರ್ಡರ್ ಖಾತ್ರಿ ಎನ್ನುವವರಿಗೆ ಜೆಮ್ ಲಾಗಿನ್ ಕೊಡಬೇಡಿ

ಪುಣೆಯ ಭೋಸರಿ, ಪಿಂಪರಿ, ಚಾಕಣ ಕಡೆ ಸಣ್ಣ ಕಾರ್ಖಾನೆ ನಡೆಸುತ್ತಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಸರ್ಕಾರಿ ಕಚೇರಿಗಳಿಗೆ ಮಾಲು ಮಾರುವುದನ್ನು ಕಲಿಸುತ್ತೇವೆ, ನೋಂದಣಿಯಿಂದ ಹಿಡಿದು ಆರ್ಡರ್ ಕೈಸೇರುವವರೆಗೆ ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದು ಶೆಡ್‌ನಿಂದ ಶೆಡ್‌ಗೆ ಅಲೆಯುವ ಸಲಹೆಗಾರರಿದ್ದಾರೆ. ಅಂಥವನೊಬ್ಬನಿಂದ ನನ್ನ ಅಣ್ಣನ ಕಾರ್ಖಾನೆ ಪಟ್ಟ ಪಾಡು ಇದು. ಅಲ್ಲಿನ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಹಾಗಾಗಿ ಕೆಳಗೆ ಬರೆದಿರುವುದಕ್ಕೆಲ್ಲ ನನ್ನ ಬಳಿ ಕಾಗದವಿದೆ.

ಅಣ್ಣ ವಿಜಯಪುರದಿಂದ ಬಂದು ಭೋಸರಿಯಲ್ಲಿ ನೆಲೆಸಿದವನು. ಉಕ್ಕಿನ ಕಪಾಟು, ಕಡತ ಇಡುವ ರ‍್ಯಾಕ್ ತಯಾರಿಸುತ್ತಾನೆ. ಖಾಸಗಿ ಗಿರಾಕಿಗಳು ಹಣ ಕೊಡಲು ಸತಾಯಿಸುತ್ತಿದ್ದಾಗ ಸರ್ಕಾರಿ ಮಾರುಕಟ್ಟೆಯ ಕಡೆ ಅವನ ಗಮನ ಹೋಯಿತು. ಆ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಸರ್ಕಾರಿ ಖರೀದಿಗೆಂದೇ ಇರುವ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ 2016ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅಲ್ಲಿ ಸಿಗುವ ಸರಕನ್ನು ಕೇಂದ್ರದ ಇಲಾಖೆಗಳು ಅಲ್ಲಿಯೇ ಕೊಳ್ಳಬೇಕು ಎಂದು 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೇ ನಿಯಮ ಹೇಳುತ್ತದೆ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬ ನೀತಿಯೂ ಇದೆ. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ, ಶೇ 3 ಮಹಿಳೆಯರ ಉದ್ದಿಮೆಗಳಿಗೆ. ಬಾಗಿಲು ನಿಜವಾಗಿಯೂ ತೆರೆದಿದೆ. ಆ ಬಾಗಿಲಲ್ಲಿ ನಿಂತು ಸುಂಕ ಎತ್ತುವವರ ಮೇಲೆ ನನ್ನ ಸಿಟ್ಟು.

ಆ ಸಲಹೆಗಾರನ ಪರಿಚಯವಾದದ್ದು ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ. ಅಚ್ಚ ನಮ್ಮ ಕಡೆಯ ಮಾತು. ಊರು, ಬೀಗರು, ಜಾತ್ರೆ ಎಲ್ಲವನ್ನೂ ಬಲ್ಲವನು. ದಿನವಿಡೀ ಮರಾಠಿ, ಹಿಂದಿಯಲ್ಲಿ ವ್ಯವಹರಿಸುವವರಿಗೆ ತಮ್ಮ ಊರಿನ ಮಾತು ಕಿವಿಗೆ ಬಿದ್ದರೆ ಮನಸ್ಸು ಸಡಿಲವಾಗುತ್ತದೆ. ಇಂಥವರು ಕನ್ನಡದ ಕೂಟಗಳಿಗೆ ಬರುವುದು ಅದಕ್ಕಾಗಿಯೇ. ನೋಂದಣಿಗೆ, ತರಬೇತಿಗೆ, ‘ವರ್ಷಕ್ಕೆ ಇಷ್ಟು ಆರ್ಡರ್ ಖಾತ್ರಿ’ಗೆ ಸೇರಿಸಿ 35,000 ರೂಪಾಯಿ ಪಡೆದ. ಖರೀದಿ ವಿಭಾಗದಲ್ಲಿ ತನ್ನವರಿದ್ದಾರೆ ಎಂದೂ ಹೇಳಿದ.

ತರಬೇತಿ ಎಂಬುದು ನಡೆಯಲೇ ಇಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿಯ ಹೆಸರಿನಲ್ಲಿ ಬೇರೆ ಹಣ ಕೇಳಿದ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಆ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಸಂಪೂರ್ಣ ಉಚಿತ. ಆಧಾರ್, ಪ್ಯಾನ್ ಇದ್ದರೆ ಕುಳಿತಲ್ಲೇ ಮುಗಿಯುವ ಕೆಲಸ. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ತಾಣಗಳೂ ಇದಕ್ಕೆ ಶುಲ್ಕ ವಸೂಲು ಮಾಡುತ್ತವೆ. ವಿಳಾಸದ ಕೊನೆಯಲ್ಲಿ ‘.gov.in’ ಇಲ್ಲದಿದ್ದರೆ ಅಲ್ಲಿ ಒಂದಕ್ಷರವನ್ನೂ ತುಂಬಬೇಡಿ. ಜೆಮ್‌ನಲ್ಲಿ ಮಾರಾಟಗಾರರ ನೋಂದಣಿಗೂ ಶುಲ್ಕವಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆ. ಜೆಮ್ ಖಾತೆ ತೆರೆಯುವಾಗ ಆಧಾರ್ ಅಣ್ಣನದು, ಪ್ಯಾನ್ ಅಣ್ಣನದು, ಬ್ಯಾಂಕ್ ಖಾತೆ ಕಾರ್ಖಾನೆಯದು. ಇಮೇಲ್ ವಿಳಾಸ ಮಾತ್ರ ಅವನದು. ಪಾಸ್‌ವರ್ಡ್ ಕೂಡ ಅವನ ಬಳಿಯೇ ಉಳಿಯಿತು. ಅಂದಿನಿಂದ ಬಿಡ್‌ಗಳ (ದರ ಸ್ಪರ್ಧೆಯ ಟೆಂಡರ್‌ಗಳ) ಸೂಚನೆ, ಖರೀದಿದಾರರ ಪ್ರಶ್ನೆ, ಎಚ್ಚರಿಕೆ ಪತ್ರ ಎಲ್ಲವೂ ಅವನಿಗೆ ತಲುಪಿದವು. ಅಣ್ಣನಿಗೆ ಬರುತ್ತಿದ್ದದ್ದು ಆಗಾಗ ಒಂದು ಫೋನ್: ‘ಒಟಿಪಿ ಬಂದಿದೆ, ಹೇಳಿ.’ ಯಾವುದಕ್ಕೆ ಎಂದು ಕೇಳಿದರೆ, ಪ್ರೊಫೈಲ್ ನವೀಕರಣ ಎಂಬ ಉತ್ತರ.

ಆ ಒಟಿಪಿಗಳ ಬಲದಲ್ಲಿ ಅವನು ನಮ್ಮ ಹೆಸರಿನಲ್ಲಿ ತಿರುಗುವ ಕುರ್ಚಿಗಳಿಗೆ ಬಿಡ್ ಹಾಕಿದ್ದ. ನಮ್ಮ ಶೆಡ್‌ನಲ್ಲಿ ಒಂದು ಕುರ್ಚಿಯೂ ತಯಾರಾಗುವುದಿಲ್ಲ. ಆದರೂ ಅರ್ಜಿಯಲ್ಲಿ ನಾವೇ ಅವುಗಳ ತಯಾರಕರು ಎಂಬ ಘೋಷಣೆ ಇತ್ತು. ಕಾರಣ ಸ್ಪಷ್ಟ. ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ತಯಾರಕರಿಗೆ ಮುಂಗಡ ಠೇವಣಿಯಾದ ಇಎಂಡಿಯಿಂದ ವಿನಾಯಿತಿ ಇದೆ. ಬೆಲೆಯಲ್ಲೂ ಅವರಿಗೆ ಆದ್ಯತೆ ಇದೆ: ಅವರ ದರ ಎಲ್-1 ಎನ್ನುವ ಅತಿ ಕಡಿಮೆ ದರಕ್ಕಿಂತ ಶೇ 15ರೊಳಗೆ ಹೆಚ್ಚಿದ್ದರೆ, ಎಲ್-1ಕ್ಕೆ ಇಳಿಸಿ ಆರ್ಡರ್‌ನ ಪಾಲು ಪಡೆಯಬಹುದು. ಬೇರೆಯವರಿಂದ ಕೊಂಡು ಮಾರುವ ವ್ಯಾಪಾರಿಗೆ ಈ ಸೌಲಭ್ಯಗಳಿಲ್ಲ. ಹೀಗಾಗಿ ಕಾರ್ಖಾನೆಯ ಹೆಸರು ನಮ್ಮದು, ಕುರ್ಚಿ ಅವನ ಪರಿಚಯದ ವ್ಯಾಪಾರಿಯದು, ಲಾಭ ಅವರಿಬ್ಬರದು ಎಂಬ ಏರ್ಪಾಟು. ಶೇ 50 ಅಥವಾ ಅದಕ್ಕಿಂತ ಹೆಚ್ಚು ಅಂಶ ದೇಶದಲ್ಲೇ ತಯಾರಾದದ್ದು ಎನ್ನುವ ‘ಒಂದನೇ ವರ್ಗದ ಸ್ಥಳೀಯ ಪೂರೈಕೆದಾರ’ ಘೋಷಣೆಯನ್ನೂ ಸಲ್ಲಿಸಿದ್ದ. ಆ ಕುರ್ಚಿಯ ಬಿಡಿಭಾಗಗಳು ಎಲ್ಲಿಂದ ಬಂದವೋ ಬಲ್ಲವರಾರು? ಇಂಥ ಘೋಷಣೆ ಸುಳ್ಳೆಂದು ಸಾಬೀತಾದರೆ ಎರಡು ವರ್ಷದವರೆಗೆ ಸರ್ಕಾರಿ ಖರೀದಿಯಿಂದ ಹೊರಗಿಡಲು ನಿಯಮದಲ್ಲಿ ಅವಕಾಶವಿದೆ. ಹೊರಬೀಳುವುದು ಘೋಷಣೆಯಲ್ಲಿ ಹೆಸರಿರುವ ಕಾರ್ಖಾನೆ. ಸಲಹೆಗಾರನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಬಿಡ್ ನಮಗೆ ಒಲಿಯಿತು. ಒಲಿದದ್ದಕ್ಕೆ ಕಾರಣ ದರ ಅತಿ ಕಡಿಮೆ ಇದ್ದದ್ದು. ಜೆಮ್‌ನಲ್ಲಿ ನಮೂದಿಸುವ ದರ ಎಂದರೆ ಜಿಎಸ್‌ಟಿ, ಸಾಗಣೆ ಎಲ್ಲ ಸೇರಿ ಸರಕು ಪಡೆಯುವ ಕಚೇರಿಯ ಬಾಗಿಲಿಗೆ ತಲುಪಿಸುವ ದರ. ಬಿಡ್ ದಾಖಲೆಯ ಕೊನೆಯ ಪುಟಗಳಲ್ಲಿ ಎರಡು ವಿಷಯಗಳಿರುತ್ತವೆ: ಸರಕು ಪಡೆಯುವ ಕಚೇರಿಗಳ (ಕನ್ಸೈನಿಗಳ) ವಿಳಾಸ ಮತ್ತು ಖರೀದಿದಾರರ ಹೆಚ್ಚುವರಿ ಷರತ್ತುಗಳು. ನಮ್ಮ ಬಿಡ್‌ನಲ್ಲಿ ಒಂದು ವಿಳಾಸ ನಾಗಪುರ, ಒಂದು ಜಬಲ್ಪುರ, ಒಂದು ಅಸ್ಸಾಂ. ಕುರ್ಚಿಗಳನ್ನು ಅಲ್ಲಿಯೇ ಜೋಡಿಸಿಕೊಡಬೇಕೆಂಬ ಷರತ್ತೂ ಇತ್ತು. ಅವನು ಹಾಕಿದ ದರದಲ್ಲಿ ಅಸ್ಸಾಂವರೆಗಿನ ಲಾರಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ದರ ಹಾಕುವ ಮುನ್ನ ಆ ಕೊನೆಯ ಪುಟಗಳನ್ನು ಮೊದಲು ಓದಿ, ಸಾಗಣೆಯವರಿಂದ ಬರಹದಲ್ಲಿ ದರ ತರಿಸಿಕೊಳ್ಳಿ. ಈ ವ್ಯಾಪಾರದಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಅಲ್ಲಿಯೇ.

ಅಣ್ಣನಿಗೆ ವಿಷಯ ತಿಳಿದದ್ದು ಬ್ಯಾಂಕ್ ಗ್ಯಾರಂಟಿಗೆ ಸಹಿ ಬೇಕಾದಾಗ. ಗೆದ್ದವರು ಆರ್ಡರ್ ಸರಿಯಾಗಿ ಪೂರೈಸುತ್ತೇವೆ ಎನ್ನುವುದಕ್ಕೆ ಕಾರ್ಯನಿರ್ವಹಣಾ ಗ್ಯಾರಂಟಿ ಕೊಡಬೇಕು. ಇಎಂಡಿ ವಿನಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ಸಲಹೆಗಾರನ ಮಾತಿನ ವರಸೆ ಆಗ ಬದಲಾಯಿತು. ‘ಈಗ ಹಿಂದೆ ಸರಿದರೆ ಕಪ್ಪು ಪಟ್ಟಿಗೆ ಹೋಗುತ್ತೀರಿ, ಸಹಿ ಹಾಕಿ, ಉಳಿದದ್ದು ನನಗೆ ಬಿಡಿ’ ಎಂದ. ಹಿಂದೆ ಸರಿದರೆ ಖಾತೆ ಅಮಾನತಾಗುವ ಅಪಾಯ, ಮುಂದೆ ಹೋದರೆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಅಣ್ಣ ಸಹಿ ಹಾಕಲಿಲ್ಲ. ಖರೀದಿ ಮಾಡಿದ ಕಚೇರಿಗೆ ನಡೆದದ್ದನ್ನು ನಡೆದಂತೆ ಪತ್ರ ಬರೆದ. ಅವರು ನಿಯಮದಂತೆ ಆರ್ಡರ್ ರದ್ದು ಮಾಡಿದರು, ಖಾತೆ ಅಮಾನತಾಯಿತು. ಅವರ ಮೇಲೆ ನಮಗೆ ದೂರಿಲ್ಲ. ಅವರ ಮುಂದಿದ್ದ ಘೋಷಣೆಯಲ್ಲಿ ಇದ್ದದ್ದು ನಮ್ಮ ಹೆಸರೇ.

ಸಲಹೆಗಾರ ಫೋನ್ ಎತ್ತುವುದನ್ನು ನಿಲ್ಲಿಸಿದ. ಕೊಟ್ಟ ಹಣಕ್ಕೆ ರಸೀದಿ ಇಲ್ಲದ್ದರಿಂದ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಮತ್ತು ಬ್ಯಾಂಕ್ ವಿವರವನ್ನು ಮುದ್ರಿಸಿ ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಅದೇ ಮನುಷ್ಯ ಚಾಕಣದ ಇನ್ನೊಬ್ಬ ಕನ್ನಡಿಗರ ಶೆಡ್‌ನಲ್ಲಿ ಇದೇ ಮಾತು ಆಡಿದ್ದಾನೆಂದು ಕೇಳಿದ ಮೇಲೆ ಬರೆಯದೆ ಇರಲು ನನ್ನಿಂದಾಗಲಿಲ್ಲ.

ಕಲಿಯಬೇಕೆನ್ನುವವರಿಗೆ ದಾರಿಗಳಿವೆ. ಜೆಮ್ ಪೋರ್ಟಲ್‌ನಲ್ಲಿಯೇ ತರಬೇತಿಯ ಪಾಠಗಳಿವೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಮುಂಬೈ ಸಾಕಿನಾಕಾದ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಮೊದಲು ನಿಮ್ಮ ಸರಕಿಗೆ ಬಂದಿರುವ ಹಳೆಯ ಬಿಡ್‌ಗಳನ್ನು ಓದಿ ಯಾವ ದರಕ್ಕೆ ಯಾರು ಗೆದ್ದರು ಎಂದು ನೋಡಿ. ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಮಾಲು ಕೊಟ್ಟ ಮೇಲೆ ಹಣ ತಡವಾದರೆ ಹೆದರಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ, ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಈ ರಕ್ಷಣೆಯೂ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ನಿಮ್ಮ ಉದ್ಯಮ್ ಪ್ರಮಾಣಪತ್ರದಲ್ಲಿ ಯಾರಾದರೂ ತಯಾರಿಕೆಯ ಬದಲು ವ್ಯಾಪಾರದ ಸಂಕೇತ ಸಂಖ್ಯೆಯನ್ನಷ್ಟೇ ನಮೂದಿಸಿದ್ದಾರೆಯೇ ಎಂದು ಇವತ್ತೇ ತೆರೆದು ನೋಡಿ.

ಈಗಾಗಲೇ ಲಾಗಿನ್ ಬೇರೆಯವರ ಕೈಯಲ್ಲಿದ್ದರೆ, ಜಗಳಕ್ಕೆ ಇಳಿಯುವ ಮುನ್ನ ಒಳಗೆ ಹೋಗಿ ನೋಡಿ: ನೋಂದಾಯಿತ ಇಮೇಲ್ ಯಾರದು, ನಿಮ್ಮ ಹೆಸರಿನಲ್ಲಿ ಯಾವ ಸರಕುಗಳಿವೆ, ಯಾವ ಬಿಡ್‌ಗಳು ಬಾಕಿ ಇವೆ, ಏನೇನು ಘೋಷಿಸಲಾಗಿದೆ. ಪ್ರತಿ ಪುಟವನ್ನೂ ಉಳಿಸಿಕೊಂಡ ಮೇಲೆ ಪಾಸ್‌ವರ್ಡ್ ಬದಲಿಸಿ. ಇಮೇಲ್ ಬದಲಾವಣೆಗೆ ಜೆಮ್ ಸಹಾಯವಾಣಿಗೆ ಮಾಲೀಕರ ಸಹಿಯೊಂದಿಗೆ ಮನವಿ ಕಳುಹಿಸಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಯಾರೇ ಕೇಳಲಿ, ಒಂದು ಒಟಿಪಿಯನ್ನೂ ಹೇಳಬೇಡಿ.