ಮೂರು ಮಾಸ್ಕ್, ಒಂದು ಮೂಗು

ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಕಾಯಿಸುವುದು ಬೇಡ. ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಊದುವ ಯಂತ್ರ. ಅದರ ಮಾಸ್ಕ್‌ಗಳಲ್ಲಿ ನನ್ನ ಓಟು ಮೂಗಿನ ಹೊಳ್ಳೆಗೆ ಕೂರುವ ಪುಟ್ಟ ಮಾಸ್ಕಿಗೆ. ನೇಸಲ್ ಪಿಲ್ಲೋ ಅಂತಾರೆ. ಹತ್ತು ತಿಂಗಳಲ್ಲಿ ಮೂರು ಥರದ್ದು ಕೊಂಡೆ. ಬೆಳಿಗ್ಗೆ ಏಳುವಾಗ ಮುಖದ ಮೇಲೇ ಇದ್ದದ್ದು ಇದೊಂದೇ.

ನನ್ನದು ಸ್ಲೀಪ್ ಅಪ್ನಿಯ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ. ಪರೀಕ್ಷೆಯಲ್ಲಿ ನನಗೆ ಗಂಟೆಗೆ 34 ಸಲ ಹೀಗಾಗುತ್ತಿತ್ತು. 30 ದಾಟಿದರೆ ತೀವ್ರ ಎಂದು ಲೆಕ್ಕ. ಹಗಲು ಮಂಗಳೂರಿನ ನಂತೂರು ಸರ್ಕಲ್‌ನ ಬ್ಲಾಕಿನಲ್ಲಿ ಕಾರು ನಿಂತರೆ ಸಾಕು, ಹಿಂದಿನವರು ಹಾರ್ನ್ ಹೊಡೆಯುವಷ್ಟರಲ್ಲಿ ನನಗೊಂದು ಕನಸು ಬಿದ್ದಿರುತ್ತಿತ್ತು.

ಯಂತ್ರ ಮಾಡುವುದು ಇಷ್ಟೇ: ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಊದಿ ಆ ದಾರಿ ಮುಚ್ಚದಂತೆ ನೋಡಿಕೊಳ್ಳುವುದು. ಆಕ್ಸಿಜನ್ ಅಲ್ಲ. ಕಟೀಲಿಗೆಂದು ಬಂದು ನಮ್ಮಲ್ಲಿ ಉಳಿದ ಚಿಕ್ಕಮ್ಮ ಮಾತ್ರ "ಅಯ್ಯೋ ದೇವರೇ, ಇವನಿಗೆ ಆಕ್ಸಿಜನ್ ಇಟ್ಟಿದ್ದಾರೆ" ಎಂದು ನಾಲ್ಕು ಮನೆಗೆ ಫೋನ್ ಮಾಡಿದ್ದರು. ಯಂತ್ರದ ಬಗ್ಗೆ ನನಗೆ ದೂರಿಲ್ಲ. ತಲೆನೋವೆಲ್ಲ ಮಾಸ್ಕಿನದ್ದು.

ಮೊದಲು ಕೊಂಡದ್ದು ಫುಲ್ ಫೇಸ್. ಮೂಗು, ಬಾಯಿ ಎರಡನ್ನೂ ಮುಚ್ಚುವಂಥದ್ದು. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ, "ಬಾಯಿ ಬಿಟ್ಟು ಮಲಗ್ತೀರಾ ಸರ್?" ಹೆಂಡತಿ ನನಗಿಂತ ಮೊದಲೇ ಹೌದು ಅಂದಳು. ಮುಗಿಯಿತು. 9,200 ರೂಪಾಯಿ. ಕವರ್ ಒಡೆದ ಮೇಲೆ ವಾಪಸ್ ತಗೊಳ್ಳುವುದಿಲ್ಲ, ಶುಚಿತ್ವದ ವಿಷಯ. ಅದು ನ್ಯಾಯವೇ. ಆದರೆ ಹಾಕಿಕೊಂಡು ಅರ್ಧ ಗಂಟೆ ಮಲಗಿ ನೋಡದೆ ಮಾಸ್ಕ್ ಕೊಳ್ಳುವುದು ಚಪ್ಪಲಿಯನ್ನು ಫೋಟೋ ನೋಡಿ ಕೊಂಡ ಹಾಗೆ.

ಮೂರು ರಾತ್ರಿ ಸ್ವರ್ಗ. ನಾಲ್ಕನೆಯ ಬೆಳಿಗ್ಗೆ ಮುಖದಲ್ಲಿ ಮಾಸ್ಕ್ ಇಲ್ಲ, ಯಂತ್ರ ಆಫ್ ಆಗಿದೆ. ಹುಡುಕಿದರೆ ಮಾಸ್ಕ್ ನೆಲದ ಮೇಲೆ, ಸೊಳ್ಳೆಪರದೆಯ ಹೊರಗೆ. ಪರದೆಯ ಅಂಚು ಮಾತ್ರ ಹಾಸಿಗೆಯಡಿಗೆ ನೀಟಾಗಿ ಸಿಕ್ಕಿಸಿಯೇ ಉಂಟು. ಅಂದರೆ ನಾನು ನಿದ್ದೆಯಲ್ಲೇ ಪಟ್ಟಿ ಬಿಚ್ಚಿ, ಸ್ವಿಚ್ ಒತ್ತಿ, ಪರದೆ ಎತ್ತಿ, ಮಾಸ್ಕ್ ಹೊರಗಿಟ್ಟು, ಸೊಳ್ಳೆ ಬರಬಾರದು ಅಂತ ಪರದೆ ಮತ್ತೆ ಸಿಕ್ಕಿಸಿ ಮಲಗಿದ್ದೇನೆ. ಒಂದಿಷ್ಟೂ ನೆನಪಿಲ್ಲ. ಎಚ್ಚರ ಇರುವಾಗ ಇಷ್ಟು ಅಚ್ಚುಕಟ್ಟು ನಾನಲ್ಲ.

"ನೀವೇ ತೆಗೆದದ್ದು, ನಾನು ನೋಡಿದ್ದೇನೆ" ಎಂದಳು ಹೆಂಡತಿ.

"ಹಾಗಾದ್ರೆ ಹೇಳ್ಬೇಕಲ್ವಾ?"

"ಹೇಳಿದೆ ಮಾರಾಯ್ರೆ. ಹಾಕಿಕೊಳ್ಳಿ ಅಂದೆ. 'ಹಾಂ, ಹಾಕ್ತೇನೆ, ನೀನು ಮಲಗು' ಅಂದ್ರಿ. ನಾನು ಮಲಗಿದೆ."

ಹೊಸಬರಲ್ಲಿ ಇದು ತುಂಬ ಸಾಮಾನ್ಯ, ಕೆಲವು ವಾರದಲ್ಲಿ ಸರಿಯಾಗುತ್ತದೆ ಎಂದರು ಡಾಕ್ಟರ್. ನನಗೆ ಒಂದೂವರೆ ತಿಂಗಳಾದರೂ ಆಗಲಿಲ್ಲ. ವಾರಕ್ಕೆ ನಾಲ್ಕೈದು ದಿನ ಇದೇ ಕಥೆ. ಒಮ್ಮೆ ಮಾಸ್ಕ್ ತಲೆದಿಂಬಿನ ಕವರಿನೊಳಗೆ ಇತ್ತು, ಒಮ್ಮೆ ಕಿಟಕಿಯ ಕೊಂಡಿಗೆ ತೂಗುಹಾಕಿತ್ತು. ನಾನು ಮಾಡಿದ ಮೊದಲ ತಪ್ಪು, ಪಟ್ಟಿಯನ್ನು ಇನ್ನೂ ಬಿಗಿ ಮಾಡಿದ್ದು. ಬಿಚ್ಚಲು ಕಷ್ಟವಾದರೆ ಬಿಡುತ್ತೇನೆ ಎಂಬ ಲೆಕ್ಕ. ಮೂಗಿನ ಮೇಲೆ ಕೆಂಪು ಗೆರೆ ಬಿತ್ತು, ಬ್ಯಾಂಕಿನಲ್ಲಿ ಎಲ್ಲರೂ ಎಲ್ಲಿ ಬಿದ್ದಿರಿ ಅಂತ ಕೇಳಿದರು, ಮಾಸ್ಕ್ ಮಾತ್ರ ನೆಲದ ಮೇಲೆಯೇ.

ಮಗ ಕೊಟ್ಟ ಉಪಾಯ: "ಅಪ್ಪ, ಕೈಗೆ ಸಾಕ್ಸ್ ಹಾಕಿ ಮಲಗಿ." ಹಾಕಿದೆ. ಬೆಳಿಗ್ಗೆ ಮಾಸ್ಕ್ ಜೊತೆ ಎರಡು ಸಾಕ್ಸೂ ಹೊರಗೆ. ಮಾಸ್ಕ್ ತೆಗೆದರೆ ಕೂಗುವ ಅಲಾರಂ ಯಂತ್ರದಲ್ಲೇ ಇತ್ತು, ಅದನ್ನೂ ಒಂದು ವಾರ ಇಟ್ಟೆ. ಹೆಂಡತಿ ಎದ್ದಳು, ಮಗ ಎದ್ದ, ಕೆಳಗಿನ ಮನೆಯ ನಾಯಿ ಎದ್ದಿತು. ನಾನು ಏಳಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಯಂತ್ರದ ಎಸ್‌ಡಿ ಕಾರ್ಡ್. ಆಸ್ಕರ್ ಎಂಬ ಉಚಿತ ಸಾಫ್ಟ್‌ವೇರ್ ಉಂಟು, ಕಾರ್ಡಿನಲ್ಲಿರುವುದನ್ನು ರಾತ್ರಿಯ ಗೆರೆಗಳಾಗಿ ಬಿಡಿಸಿ ತೋರಿಸುತ್ತದೆ. ಮಗ ಅವನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಹದಿನೈದು ರಾತ್ರಿ ಒಂದರ ಕೆಳಗೊಂದು ಇಟ್ಟು ನೋಡಿದಾಗ ಗೊತ್ತಾಯಿತು, ನಾನು ಮಾಸ್ಕ್ ಕೀಳುವುದು ಮನಸ್ಸಿಗೆ ಬಂದ ಹೊತ್ತಿನಲ್ಲಿ ಅಲ್ಲ. ಹೆಚ್ಚುಕಡಿಮೆ ಎರಡೂವರೆಯಿಂದ ಮೂರೂವರೆಯ ಒಳಗೆ. ಮತ್ತು ಪ್ರತಿ ಸಲವೂ ಅದಕ್ಕೆ ಹತ್ತು ನಿಮಿಷ ಮೊದಲು ಎರಡು ಗೆರೆಗಳು ಒಟ್ಟಿಗೇ ಮೇಲೆ ಹೋಗಿರುತ್ತವೆ. ಒಂದು ಒತ್ತಡದ್ದು, ಇನ್ನೊಂದು ಸೋರಿಕೆಯದ್ದು.

ಡಾಕ್ಟರ್ ಬಿಡಿಸಿ ಹೇಳಿದರು. ಕನಸಿನ ನಿದ್ದೆ ಜಾಸ್ತಿ ಇರುವುದು ರಾತ್ರಿಯ ಎರಡನೇ ಅರ್ಧದಲ್ಲಿ. ಆಗ ಸ್ನಾಯುಗಳು ಇನ್ನೂ ಸಡಿಲ, ಉಸಿರು ಕಟ್ಟುವುದು ಇನ್ನೂ ಜಾಸ್ತಿ. ನನ್ನದು ಆಟೋ ಯಂತ್ರ, 6ರಿಂದ 15ರ ನಡುವೆ ತಾನೇ ಒತ್ತಡ ಏರಿಸಿ ಇಳಿಸುತ್ತದೆ. ಮಲಗುವಾಗ 7ರ ಒತ್ತಡದಲ್ಲಿ ಸುಮ್ಮನೆ ಕೂತಿದ್ದ ಮಾಸ್ಕ್, ಒತ್ತಡ 13 ಮುಟ್ಟಿದಾಗ ಮುಖದಿಂದ ಎದ್ದು, ಕಣ್ಣುಗಳ ನಡುವಿನ ಮೂಗಿನ ಬುಡದಿಂದ ಗಾಳಿ ನೇರ ಕಣ್ಣಿಗೆ ಹೊಡೆಯುತ್ತದೆ. ನನ್ನ ಯಂತ್ರದಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಕೆಂಪು. ನನ್ನದು 50ರ ಮೇಲೆ ಇತ್ತು. ಕಣ್ಣಿಗೆ ಗಾಳಿ ಊದಿದರೆ ಯಾರ ಕೈಯಾದರೂ ಮೇಲೆ ಬರುತ್ತದೆ. ಇದರಲ್ಲಿ ದೊಡ್ಡ ನಷ್ಟ ಇನ್ನೊಂದು: ನಾಲ್ಕು ಗಂಟೆ ಹಾಕಿದ್ದೇನಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಆದರೆ ಮಾಸ್ಕ್ ತೀರಾ ಬೇಕಾಗುವ ಹೊತ್ತಿಗೇ ಅದು ನೆಲದ ಮೇಲೆ.

ಬಿಗಿ ಮಾಡಿದ್ದೂ ಉಲ್ಟಾ ಹೊಡೆದದ್ದಕ್ಕೆ ಕಾರಣ ಉಂಟು. ಸಿಲಿಕೋನ್ ಅಂಚು ಗಾಳಿ ತುಂಬಿ ಉಬ್ಬಬೇಕು, ಆಗಲೇ ಅದು ಮುಖಕ್ಕೆ ಅಂಟಿ ಕೂರುವುದು. ಒತ್ತಿದರೆ ಮಡಚಿಕೊಂಡು ಸಂದಿ ಬಿಡುತ್ತದೆ. ಪಟ್ಟಿ ಸರಿಮಾಡುವುದು ಕುಳಿತಲ್ಲಿ ಅಲ್ಲ, ಯಂತ್ರ ಹಾಕಿ, ಮಲಗಿ, ಮಗ್ಗುಲು ತಿರುಗಿ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ನಮ್ಮ ಊರಿನದ್ದೇ ಆದ ಇನ್ನೊಂದು ಕಾಟ, ನೀರು. ಯಂತ್ರದಲ್ಲಿ ನೀರು ಬಿಸಿ ಮಾಡಿ ಗಾಳಿಗೆ ತೇವ ಕೊಡುವ ಡಬ್ಬಿ ಇರುತ್ತದೆ. ನಾನು ಅದನ್ನು 5ಕ್ಕೆ ಇಟ್ಟಿದ್ದೆ, ಜಾಸ್ತಿ ಇದ್ದರೆ ಒಳ್ಳೆಯದು ಅಂತ. ಮೇ ತಿಂಗಳ ಮಂಗಳೂರಿನ ಸೆಕೆ, ಕೋಣೆಯಲ್ಲಿ ಎಸಿ. ಬಿಸಿ ತೇವದ ಗಾಳಿ ತಣ್ಣನೆಯ ಪೈಪಿನಲ್ಲಿ ಬರುವಾಗ ನೀರಾಗುತ್ತದೆ. ಸೊಳ್ಳೆಪರದೆಯ ಕೆಳಗಿಂದ ನುಸುಳಿ ಬರುವ ಪೈಪ್ ಒಂದು ಕಡೆ ಜೋತು ಬಿದ್ದಿತ್ತು, ಅಲ್ಲಿ ನೀರು ನಿಂತು ಹುಕ್ಕಾದ ಹಾಗೆ ಗುಳುಗುಳು. ಹೊರಳಿದರೆ ಅಷ್ಟೂ ಮೂಗಿಗೆ. ಈಗ ಡಬ್ಬಿ 1ರಲ್ಲಿ, ಮಳೆಗಾಲದಲ್ಲಿ ಪೂರ್ತಿ ಆಫ್. ನಮ್ಮ ಕಡಲ ಬದಿಯ ಗಾಳಿಗೆ ತೇವ ಬೇರೆ ಕೊಡಬೇಕಾ ಹೇಳಿ? ಯಂತ್ರವನ್ನು ಮಂಚಕ್ಕಿಂತ ಕೆಳಗಿನ ಸ್ಟೂಲಿಗೆ ಇಳಿಸಿದೆ, ನೀರಾದರೂ ಹಿಂದಕ್ಕೇ ಹರಿಯುತ್ತದೆ. ಇಷ್ಟರಿಂದಲೇ ಮಾಸ್ಕ್ ಕೀಳುವುದು ವಾರಕ್ಕೆ ಐದು ದಿನ ಇದ್ದದ್ದು ಮೂರಕ್ಕೆ ಇಳಿಯಿತು.

ಎರಡನೆಯದು ನೇಸಲ್ ಮಾಸ್ಕ್. ಮೂಗಿನ ಮೇಲೆ ಮಾತ್ರ ಕೂರುತ್ತದೆ. ಇದರ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ನನಗೆ ಮೀಸೆ ಉಂಟು, ಮಾಸ್ಕಿನ ಕೆಳ ಅಂಚು ಸರಿಯಾಗಿ ಮೀಸೆಯ ಮೇಲೆಯೇ ಬರುತ್ತದೆ, ಕೂದಲ ಸಂದಿಯಿಂದ ರಾತ್ರಿಯಿಡೀ ಪುಸ್ ಪುಸ್. ಮೀಸೆ ತೆಗೆಯಿರಿ ಅಂದರು. ಮೂವತ್ತು ವರ್ಷದ ಮೀಸೆ. 7,000 ರೂಪಾಯಿಯ ಮಾಸ್ಕನ್ನೇ ತೆಗೆದಿಟ್ಟೆ. ಮೀಸೆ ಇಲ್ಲದ ನಮ್ಮ ಭಾವನಿಗೆ ಇದೇ ಮಾಸ್ಕ್ ಎರಡು ವರ್ಷದಿಂದ ಚೆನ್ನಾಗಿ ನಡೆಯುತ್ತಿದೆ, ಹಾಗಾಗಿ ದೂರು ಮಾಸ್ಕಿನ ಮೇಲಲ್ಲ.

ಮೂರನೆಯದು ಪಿಲ್ಲೋ, 7,600. ಎರಡು ಮೆತ್ತನೆಯ ಸಿಲಿಕೋನ್ ತುದಿಗಳು ಹೊಳ್ಳೆಯ ಬಾಯಿಗೆ ಕೂರುತ್ತವೆ, ತಲೆಯ ಹಿಂದೆ ಒಂದು ತೆಳ್ಳನೆಯ ಪಟ್ಟಿ, ಅಷ್ಟೇ. ಕೈಯಲ್ಲಿ ಹಿಡಿದರೆ ಏನೋ ಆಟಿಕೆಯ ಹಾಗೆ. ಮೀಸೆಗೆ ಮುಟ್ಟುವುದಿಲ್ಲ. ಮೂಗಿನ ಬುಡಕ್ಕೆ ಮುಟ್ಟುವುದೇ ಇಲ್ಲ, ಕಣ್ಣಿಗೆ ಗಾಳಿ ಹೊಡೆಯುವ ಪ್ರಶ್ನೆಯೂ ಇಲ್ಲ. ಕನ್ನಡಕ ಹಾಕಿ ಪೇಪರ್ ಓದುತ್ತಾ ನಿದ್ದೆ ಹೋಗಬಹುದು, ನನಗೆ ಆ ಅಭ್ಯಾಸ ಉಂಟು. ಗಾಳಿ ಹೊರಬಿಡುವ ತೂತುಗಳು ಎಲ್ಲ ಮಾಸ್ಕಿನಲ್ಲೂ ಇರಲೇಬೇಕು, ನಾವು ಬಿಟ್ಟ ಉಸಿರು ಹೋಗುವುದೇ ಅಲ್ಲಿಂದ. ಫುಲ್ ಫೇಸಿನಲ್ಲಿ ಆ ಗಾಳಿ ಹೆಂಡತಿಯ ಕುತ್ತಿಗೆಗೆ ಹೊಡೆಯುತ್ತಿತ್ತು, ಟೇಪ್ ಅಂಟಿಸಿ ಮುಚ್ಚುತ್ತೇನೆ ಎಂದು ಹೆದರಿಸಿದ್ದಳು. ದಯವಿಟ್ಟು ಹಾಗೆ ಯಾರೂ ಮಾಡಬೇಡಿ. ಪಿಲ್ಲೋದಲ್ಲಿ ಗಾಳಿ ಚದುರಿ ಹೋಗುತ್ತದೆ, ಅವಳ ದೂರು ನಿಂತಿತು.

ಬಾಯಿ ಬಿಟ್ಟು ಮಲಗುವವನಿಗೆ ಇದು ಹೇಗೆ ಹಿಡಿಯಿತು? ಇಲ್ಲಿ ನನಗೆ ಸಹಾಯ ಮಾಡಿದ್ದು ಕಿವಿ-ಮೂಗು-ಗಂಟಲಿನ ಡಾಕ್ಟರ್. ನಾನು ಬಾಯಿ ಬಿಡುತ್ತಿದ್ದದ್ದು ಹುಟ್ಟು ಅಭ್ಯಾಸ ಅಲ್ಲ, ಮೂಗು ಕಟ್ಟಿರುತ್ತಿತ್ತು. ಅವರು ಬರೆದ ಸ್ಪ್ರೇ, ಮಲಗುವ ಮೊದಲು ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಮಗ್ಗುಲಿಗೆ ಮಲಗುವುದು, ಈ ಮೂರರಿಂದ ಬಾಯಿ ತಾನೇ ಮುಚ್ಚಿಕೊಂಡಿತು. ಗಲ್ಲಕ್ಕೆ ಕಟ್ಟುವ ಪಟ್ಟಿಯನ್ನೂ ತಂದಿದ್ದೆ. ಅದನ್ನು ಕಟ್ಟಿಕೊಂಡರೆ ಹಲ್ಲುನೋವಿನವನ ಹಾಗೆ ಕಾಣುತ್ತದೆ, ಬೇರೆ ಪ್ರಯೋಜನ ಕಾಣಲಿಲ್ಲ. ಬಾಯಿಗೆ ಟೇಪ್ ಅಂಟಿಸಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ರಾತ್ರಿ ಕರೆಂಟ್ ಹೋದರೆ ನಾನು ಎಲ್ಲಿಂದ ಉಸಿರಾಡುವುದು?

ಕರೆಂಟಿನ ಮಾತು ಬಂತಲ್ಲ. ಜೂನ್, ಜುಲೈಯಲ್ಲಿ ಗಾಳಿ ಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಯಂತ್ರವೂ ನಿಲ್ಲುತ್ತದೆ, ಅರೆನಿದ್ದೆಯಲ್ಲಿ ಮಾಸ್ಕ್ ಕೀಳುತ್ತೇವೆ. ವರದಿಯಲ್ಲಿ ಎರಡೂ ಒಂದೇ ಥರ ಕಾಣುತ್ತದೆ, ಎರಡು ವಾರ ನನ್ನ ಕೈಯನ್ನು ಸುಮ್ನೆ ಬೈದಿದ್ದೆ. ಈಗ ಇನ್ವರ್ಟರಿಗೆ ಕೊಟ್ಟಿದ್ದೇನೆ. ನೀರಿನ ಹೀಟರ್ ಆಫ್ ಇದ್ದರೆ ಬ್ಯಾಟರಿ ತುಂಬ ಹೊತ್ತು ಬರುತ್ತದೆ.

ಪಿಲ್ಲೋದಲ್ಲಿ ದೋಷ ಇಲ್ಲ ಅಂತಲ್ಲ. ಮೊದಲ ವಾರ ಹೊಳ್ಳೆಯೊಳಗೆ ಉರಿ. ವ್ಯಾಸಲಿನ್ ಹಚ್ಚಬೇಡಿ, ಸಿಲಿಕೋನ್ ಹಾಳಾಗುತ್ತದೆ; ನೀರಿನಂಶದ ಜೆಲ್ ಸಿಗುತ್ತದೆ. ಡಬ್ಬದಲ್ಲಿ ಮೂರು ಸೈಜ್ ಬಂದಿತ್ತು, ನಾನು ಸಣ್ಣದು ಹಾಕಿ ಒದ್ದಾಡಿದೆ, ಮಧ್ಯಮ ಹಾಕಿದ ಮೇಲೆ ಸರಿಯಾಯಿತು. ಒತ್ತಡ 13ರ ಮೇಲೆ ಹೋದರೆ ಮೂಗಿಗೆ ಪಿಚಕಾರಿ ಹೊಡೆದ ಹಾಗೆ. ಆದರೆ ಮಾಸ್ಕ್ ಬದಲಾದ ಮೇಲೆ ನನ್ನ ಯಂತ್ರ ಅಷ್ಟು ಮೇಲೆ ಹೋಗುವುದೇ ಅಪರೂಪ, ಹೆಚ್ಚಿನ ರಾತ್ರಿ 10ರಲ್ಲಿ ನಿಲ್ಲುತ್ತದೆ. ಫುಲ್ ಫೇಸಿನ ಪಟ್ಟಿ ಗಲ್ಲವನ್ನು ಹಿಂದಕ್ಕೆ ತಳ್ಳಿ ಗಂಟಲನ್ನು ಇನ್ನೂ ಕಿರಿದು ಮಾಡುವುದುಂಟು ಎಂದರು ಡಾಕ್ಟರ್. ತಲೆಗೆ ತೆಂಗಿನೆಣ್ಣೆ ಹಚ್ಚಿದ ದಿನ ಪಟ್ಟಿ ಜಾರುತ್ತದೆ. ಭಾನುವಾರದ ಎಣ್ಣೆಸ್ನಾನ ಬೆಳಿಗ್ಗೆಯೇ ಮುಗಿಸುತ್ತೇನೆ.

ಈ ಯಂತ್ರವನ್ನು ಕಂಡುಹಿಡಿದವರು ಸಿಡ್ನಿಯ ಕಾಲಿನ್ ಸುಲಿವನ್, 1981ರಲ್ಲಿ ಮೊದಲ ವರದಿ ಬಂತು. ಅವರು ಗಾಳಿ ಊದಿದ್ದೂ ಮೂಗಿನ ಹೊಳ್ಳೆಗಳ ಮೂಲಕವೇ. ಆ ಕಾಲದ ಮಾಸ್ಕನ್ನು ಪ್ರತಿ ರಾತ್ರಿ ಸಿಲಿಕೋನ್ ಅಂಟು ಹಾಕಿ ಮುಖಕ್ಕೆ ಅಂಟಿಸಬೇಕಿತ್ತಂತೆ. ಇದನ್ನು ಓದಿ ಹೇಳಿದಾಗ ಹೆಂಡತಿ, "ಆ ಅಂಟು ಈಗಲೂ ಸಿಗ್ತದಾ ಕೇಳಿ" ಎಂದಳು.

ಲೆಕ್ಕ ಹೇಳುವುದಾದರೆ ಮೂರಕ್ಕೆ ಸೇರಿ 23,800 ಹೋಯಿತು. ಮೊದಲೇ ಪಿಲ್ಲೋ ಕೊಂಡಿದ್ದರೆ 16,200 ಉಳಿಯುತ್ತಿತ್ತು. ಅದರ ಮೆತ್ತೆ ಬೇಗ ಸವೆಯುತ್ತದೆ, ಬದಲಾಯಿಸುತ್ತಿರಬೇಕು, ಆ ಖರ್ಚನ್ನೂ ಹಿಡಿಯಿರಿ. ಮೂಗು ಯಾವಾಗಲೂ ಕಟ್ಟಿರುವವರು, ಡಾಕ್ಟರ್ ತುಂಬ ಒತ್ತಡ ಬರೆದವರು ಫುಲ್ ಫೇಸನ್ನೇ ನೋಡಿ. ಮೀಸೆ ಇಲ್ಲದವರಿಗೆ ನೇಸಲ್ ನಡೆಯುತ್ತದೆ. ಮಗ್ಗುಲಿಗೆ ಮಲಗುವ, ಮೀಸೆ ಇರುವ, ರಾತ್ರಿ ಕೈ ಸುಮ್ಮನಿರದ ನನ್ನಂಥವರಿಗೆ ಪಿಲ್ಲೋ. ಈಗ ತಿಂಗಳಿಗೆ ಒಂದೋ ಎರಡೋ ದಿನ ಕೀಳುತ್ತೇನೆ, ಗಂಟೆಗೆ 34 ಇದ್ದದ್ದು 3ಕ್ಕೆ ಇಳಿದಿದೆ.

ಫುಲ್ ಫೇಸ್ ಕಪಾಟಿನಲ್ಲೇ ಉಂಟು, ಶೀತದ ದಿನಗಳಿಗೆ. ಹೊಳ್ಳೆ ಕಟ್ಟಿದರೆ ಪಿಲ್ಲೋದಿಂದ ಏನೂ ಆಗುವುದಿಲ್ಲ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನೆಗಡಿಯಾಗಿ ಎರಡು ರಾತ್ರಿ ಅದನ್ನೇ ಹಾಕಿದೆ. ಮೊದಲ ರಾತ್ರಿ ಉಳಿಯಿತು. ಎರಡನೇ ಬೆಳಿಗ್ಗೆ ಎದ್ದರೆ ಅದು ಪರದೆಯ ಹೊರಗೆ, ನನ್ನ ಚಪ್ಪಲಿಯ ಮೇಲೆ. ಪರದೆಯ ಅಂಚು ನೀಟಾಗಿ ಸಿಕ್ಕಿಸಿತ್ತು.