ಸ್ವಯಂ ಲಾಗ್‌ಔಟ್‌ಗೆ ಆಂಡ್ರಾಯ್ಡ್‌ನ ‘ಆನ್‌ಯೂಸರ್‌ಇಂಟರಾಕ್ಷನ್’: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಬಳಕೆದಾರರು ಕೆಲಹೊತ್ತು ಸುಮ್ಮನಿದ್ದರೆ ತಾನಾಗಿಯೇ ಲಾಗ್‌ಔಟ್ ಆಗಬೇಕಾದ ಆ್ಯಪ್‌ಗಳಲ್ಲಿ ಆಂಡ್ರಾಯ್ಡ್‌ನ ಆನ್‌ಯೂಸರ್‌ಇಂಟರಾಕ್ಷನ್ ಎಂಬ ಕಾಲ್‌ಬ್ಯಾಕನ್ನು (ಒಂದು ಘಟನೆ ನಡೆದಾಗ ವ್ಯವಸ್ಥೆ ತಾನೇ ಕರೆಯುವ ಕೋಡನ್ನು) ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಆ್ಯಕ್ಟಿವಿಟಿಗೆ (ಆ್ಯಪ್‌ನ ಒಂದು ಪರದೆಯನ್ನು ನಡೆಸುವ ಘಟಕಕ್ಕೆ) ಸ್ಪರ್ಶ, ಕೀಲಿ ಅಥವಾ ಟ್ರ್ಯಾಕ್‌ಬಾಲ್‌ನ ಸಂಕೇತ ತಲುಪಿದಾಗ ವ್ಯವಸ್ಥೆಯೇ ಇದನ್ನು ಕರೆಯುವುದರಿಂದ ಪ್ರತಿ ಬಟನ್‌ಗೂ ಬೇರೆ ಕೋಡ್ ಬರೆಯುವ ತಾಪತ್ರಯವಿಲ್ಲ. ಎಲ್ಲ ಪರದೆಗಳಿಗೂ ಆಧಾರವಾದ ಒಂದೇ ಆ್ಯಕ್ಟಿವಿಟಿಯಲ್ಲಿ ಇದನ್ನು ಓವರ್‌ರೈಡ್ ಮಾಡಿ (ಅಂದರೆ ಅದರ ಜಾಗದಲ್ಲಿ ನಮ್ಮ ಕೋಡ್ ಬರೆದು), ಕೊನೆಯ ಚಟುವಟಿಕೆಯ ಸಮಯವನ್ನು ಬರೆದಿಟ್ಟುಕೊಂಡರೆ ಸಾಕು. ಈ ಸರಳತೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಇದೊಂದನ್ನೇ ನೆಚ್ಚಿಕೊಂಡ ಆ್ಯಪನ್ನು ಬಿಡುಗಡೆ ಮಾಡಲು ಒಪ್ಪಲಾರೆ.

ಇದು ಮುಖ್ಯವಾಗಿ ಕೈಕೊಡುವುದು ಟೈಪ್ ಮಾಡುವಾಗ. ಪರದೆಯ ಮೇಲಿನ ಕೀಬೋರ್ಡ್ ತನ್ನದೇ ಪ್ರತ್ಯೇಕ ವಿಂಡೋದಲ್ಲಿರುತ್ತದೆ. ಅದರ ಮೇಲೆ ಬೆರಳಿಟ್ಟ ಸುದ್ದಿ ನಮ್ಮ ಆ್ಯಕ್ಟಿವಿಟಿಗೆ ಬರುವುದಿಲ್ಲ, ಅಕ್ಷರಗಳು ಮಾತ್ರ ಬೇರೆ ದಾರಿಯಿಂದ ಪಠ್ಯದ ಪೆಟ್ಟಿಗೆಗೆ ಬಂದು ಸೇರುತ್ತವೆ. ಹೀಗಾಗಿ ಮೂರು ನಿಮಿಷದ ಮಿತಿಯಿರುವ ಆ್ಯಪ್‌ನಲ್ಲಿ ಒಬ್ಬರು ನಾಲ್ಕು ನಿಮಿಷ ಬಿಡುವಿಲ್ಲದೆ ದೂರಿನ ವಿವರವನ್ನು ಬರೆಯುತ್ತಿದ್ದರೂ ಲೆಕ್ಕದಲ್ಲಿ ಅವರು ನಿಷ್ಕ್ರಿಯರು. ಅರ್ಧ ಬರೆದ ವಾಕ್ಯದ ಮೇಲೆಯೇ ಲಾಗಿನ್ ಪುಟ ಬಂದು ಕೂರುತ್ತದೆ. ಪಠ್ಯ ಬದಲಾದಾಗಲೆಲ್ಲ ಟೆಕ್ಸ್ಟ್‌ವಾಚರ್ ಮೂಲಕ ಅದೇ ಸಮಯವನ್ನು ನವೀಕರಿಸುವುದು ಇದಕ್ಕೆ ಪರಿಹಾರ. ಪರದೆಯ ಮೇಲೆ ತೆರೆದುಕೊಳ್ಳುವ ಸಣ್ಣ ಪೆಟ್ಟಿಗೆಗಳಾದ ಡೈಲಾಗ್‌ಗಳಿಗೂ ಸ್ವಂತ ವಿಂಡೋ ಇರುವುದರಿಂದ, ಅವುಗಳೊಳಗಿನ ಸ್ಪರ್ಶವನ್ನೂ ಬೇರೆಯಾಗಿಯೇ ಹಿಡಿಯಬೇಕು.

ಎರಡನೆಯ ತೊಡಕು ಕಾಲ್‌ಬ್ಯಾಕಿನದಲ್ಲ, ಅದರ ಜೊತೆಗೆ ಎಲ್ಲರೂ ಜೋಡಿಸುವ ಟೈಮರಿನದು. ಕೊಟ್ಟ ಸಮಯ ಕಳೆದ ಮೇಲೆ ಕೋಡನ್ನು ನಡೆಸುವ ಹ್ಯಾಂಡ್ಲರ್‌ನ ಪೋಸ್ಟ್‌ಡಿಲೇಡ್ ನೆಚ್ಚಿಕೊಂಡಿರುವ ಗಡಿಯಾರವು ಫೋನ್ ಗಾಢ ನಿದ್ರೆಗೆ ಜಾರಿದಾಗ ತಾನೂ ನಿಂತುಬಿಡುತ್ತದೆ. ಐದು ನಿಮಿಷದ ಟೈಮರ್ ಹಾಕಿ ಫೋನನ್ನು ಅರ್ಧ ಗಂಟೆ ಜೇಬಿನಲ್ಲಿಟ್ಟು ತೆಗೆದರೆ, ಖಾತೆಯ ವಿವರ ಇನ್ನೂ ತೆರೆದೇ ಇರಬಹುದು. ನಿದ್ರೆಯ ಅವಧಿಯನ್ನೂ ಎಣಿಸುವ ಎಲಾಪ್ಸ್ಡ್‌ರಿಯಲ್‌ಟೈಮ್ ಎಂಬ ಗಡಿಯಾರದಿಂದ ಸಮಯವನ್ನು ದಾಖಲಿಸಿ, ಆ್ಯಪ್ ಮತ್ತೆ ಮುನ್ನೆಲೆಗೆ ಬಂದಾಗ ಪರದೆ ಕಾಣಿಸುವ ಮೊದಲೇ ವ್ಯತ್ಯಾಸವನ್ನು ಪರೀಕ್ಷಿಸುವುದು ಸರಿಯಾದ ಕ್ರಮ. ಫೋನ್ ತೋರಿಸುವ ದಿನದ ಸಮಯವನ್ನು ಸೆಟ್ಟಿಂಗ್ಸ್‌ನಲ್ಲಿ ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಅದು ಈ ಕೆಲಸಕ್ಕೆ ಬಾರದು.

ಮಿತಿ ಎಷ್ಟಿರಬೇಕೆಂಬುದಕ್ಕೆ ಸಾಫ್ಟ್‌ವೇರ್ ಸುರಕ್ಷತೆಯ ಸಂಸ್ಥೆಯಾದ ಓವಾಸ್ಪ್‌ನ ಮಾರ್ಗದರ್ಶಿಯು ಹೆಚ್ಚು ಮೌಲ್ಯದ ಆ್ಯಪ್‌ಗಳಿಗೆ 2ರಿಂದ 5 ನಿಮಿಷ, ಕಡಿಮೆ ಅಪಾಯದವಕ್ಕೆ 15ರಿಂದ 30 ನಿಮಿಷ ಎನ್ನುತ್ತದೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಮುನ್ನೆಚ್ಚರಿಕೆ. ನಿಧಾನವಾಗಿ ಓದುವವರು ಪರದೆಯನ್ನು ಮುಟ್ಟದೆಯೂ ಅದರಲ್ಲೇ ಮಗ್ನರಾಗಿರುತ್ತಾರೆ, ಅದನ್ನು ಯಾವ ಕಾಲ್‌ಬ್ಯಾಕೂ ಅರಿಯದು. ಅವಧಿ ಮುಗಿಯುವ ಮುನ್ನ ತಿಳಿಸಿ, ಒಂದು ಸರಳ ಕ್ರಿಯೆಯಿಂದ ಅದನ್ನು ವಿಸ್ತರಿಸಲು ಕನಿಷ್ಠ 20 ಸೆಕೆಂಡು ಕೊಡುವುದು, ಹಾಗೆ ಕನಿಷ್ಠ ಹತ್ತು ಬಾರಿ ವಿಸ್ತರಿಸಲು ಬಿಡುವುದು, ಅಂಗವಿಕಲರಿಗೂ ಬಳಸಲು ಬರುವಂತೆ ವೆಬ್ ವಿಷಯವನ್ನು ರೂಪಿಸುವ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 2.2.1ನೇ ಮಾನದಂಡವನ್ನು ಪೂರೈಸುವ ದಾರಿಗಳಲ್ಲೊಂದು.

ಕೊನೆಯದಾಗಿ, ಫೋನಿನಲ್ಲಿ ನಡೆಯುವ ಈ ಲೆಕ್ಕವೆಲ್ಲ ಪರದೆಯನ್ನು ಮುಚ್ಚುವುದಕ್ಕಷ್ಟೇ ಸಾಕು. ಸೆಷನ್ನನ್ನು (ಲಾಗಿನ್ ಆಗಿರುವ ಅವಧಿಯನ್ನು) ನಿಜವಾಗಿ ರದ್ದುಪಡಿಸಬೇಕಾದದ್ದು ಸರ್ವರ್. ಹಿನ್ನೆಲೆಯಲ್ಲಿ ಆ್ಯಪ್ ತಾನಾಗಿಯೇ ಕಳುಹಿಸುವ ಕೋರಿಕೆಗಳನ್ನು ಸರ್ವರ್ ಬಳಕೆದಾರರ ಚಟುವಟಿಕೆಯೆಂದು ಎಣಿಸಿದರೆ, ಆ ಸೆಷನ್ ಎಂದಿಗೂ ಮುಗಿಯುವುದಿಲ್ಲ.